ಗ್ಯಾರೇಜಿನಲ್ಲಿ ಕಟ್ಟಿದ ವಿಮಾನ: ಮೊದಲ ಹಾರಾಟದ ಆಸುಪಾಸಿನ ದೋಷಗಳನ್ನು ಪತ್ತೆ ಹಚ್ಚುವ ಕೈಪಿಡಿ

ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಕಟ್ಟಿದ ವಿಮಾನಕ್ಕೆ ನೋಂದಣಿ ಸಂಖ್ಯೆ ಬಂದಿದೆ, ತಪಾಸಣೆ ಮುಗಿದಿದೆ, ಹಾರಾಟದ ಪ್ರಮಾಣಪತ್ರವೂ ಕೈಸೇರಿದೆ. ದೋಷಗಳು ತಲೆ ಎತ್ತುವುದು ಆಗಲೇ. ಪ್ರಮಾಣಪತ್ರ ಕೊಡುವವರು ವಿಮಾನವನ್ನು ನೋಡಿರುತ್ತಾರೆಯೇ ಹೊರತು ಓಡಿಸಿ ನೋಡಿರುವುದಿಲ್ಲ.

ಅಮೆರಿಕದಲ್ಲಿ ನೆಲೆಸಿ, ಅಲ್ಲಿನ 'ಎಕ್ಸ್‌ಪೆರಿಮೆಂಟಲ್' ವರ್ಗದಲ್ಲಿ ಕಡಿಮೆ ಖರ್ಚಿನ ವಿಮಾನ ಕಟ್ಟುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನನ್ನು ಮಾರ್ಪಡಿಸಿ ಕೂರಿಸಿದ, 60ರಿಂದ 80 ಅಶ್ವಶಕ್ತಿಯ, ಬಾಲದ ಕೆಳಗೆ ಪುಟ್ಟ ಚಕ್ರವಿರುವ ಒಂಟಿ ಸೀಟಿನ ವಿಮಾನ ನಮ್ಮ ಮಾದರಿ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿಗೆ ಇಲ್ಲದೆ ಇಂಥದ್ದನ್ನು ಹಾರಿಸುವಂತಿಲ್ಲ. ಪೆಟ್ರೋಲ್, ಗಾಳಿ ಮತ್ತು ಬಿಸಿ ನಡೆದುಕೊಳ್ಳುವ ರೀತಿಯೇನೋ ಎಲ್ಲ ಕಡೆಯೂ ಒಂದೇ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿತು. ಎಂಜಿನ್ ಕೈಕೊಡುವುದು ಮತ್ತು ಹಾರಾಟದಲ್ಲಿ ಹತೋಟಿ ತಪ್ಪುವುದು, ಇವೆರಡೇ ಮುಖ್ಯ ಕಾರಣಗಳಾಗಿ ಕಂಡವು. ಅದಕ್ಕೇ ಇಲ್ಲಿ ಇಂಧನದ ಭಾಗ ಉದ್ದವಾಗಿದೆ, ರೇಡಿಯೊ ಗೊರಗುಟ್ಟುವ ಬಗ್ಗೆ ಒಂದು ಮಾತೂ ಇಲ್ಲ.

ಕೈ ಹಾಕುವ ಮೊದಲು ಮೂರು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಡಿ. ಕಾರ್ಬ್ಯುರೇಟರ್, ಪ್ಲಗ್, ಟೈಮಿಂಗ್ ಮೂರನ್ನೂ ಒಂದೇ ಸಂಜೆ ಮುಟ್ಟಿದವರಿಗೆ ದೋಷ ಹೋದರೂ ಅದು ಎಲ್ಲಿತ್ತೆಂದು ಗೊತ್ತಾಗುವುದಿಲ್ಲ, ಹಾಗಾಗಿ ಅದು ಮತ್ತೆ ಬರುತ್ತದೆ. ಎರಡನೆಯದು, ಸ್ವಿಚ್ ಆಫ್ ಆಗಿದ್ದರೂ ಪ್ರೊಪೆಲ್ಲರ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು ಎಂದುಕೊಂಡೇ ಅದರ ಹತ್ತಿರ ಹೋಗಿ. ಮೂರನೆಯದು ಹಣದ ಮಾತು: ಬಣ್ಣದಲ್ಲಿ, ಸೀಟಿನ ಹೊದಿಕೆಯಲ್ಲಿ, ಡಿಜಿಟಲ್ ಪರದೆಯಲ್ಲಿ ಎಷ್ಟು ಬೇಕಾದರೂ ಉಳಿಸಿ. ಹಾರ್ಡ್‌ವೇರ್ ಅಂಗಡಿಯ ಬೋಲ್ಟನ್ನು ವಿಮಾನಕ್ಕೆಂದೇ ಮಾಡುವ ಎಎನ್ ಗುಣಮಟ್ಟದ ಬೋಲ್ಟಿನ ಜಾಗದಲ್ಲಿ ಹಾಕಿದ್ದರೆ ಮಾತ್ರ, ಮುಂದೆ ಓದುವ ಮೊದಲು ಎದ್ದು ಹೋಗಿ ಅದನ್ನು ಬದಲಿಸಿ.

ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ

ಹೊಸ ಎಂಜಿನ್ನಿನಲ್ಲಿ ಇದು ಹೆಚ್ಚಾಗಿ ಸಣ್ಣ ಕಾರಣದ ಕಾಟ. ಇಂಧನದ ವಾಲ್ವ್ ತೆರೆದಿದೆಯೇ, ಬ್ಯಾಟರಿ 12 ವೋಲ್ಟ್‌ಗಿಂತ ಮೇಲಿದೆಯೇ ಎಂದು ನೋಡಿ. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಕುಸಿದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಡಿ ಕೊಡುವುದನ್ನೇ ನಿಲ್ಲಿಸಬಹುದು. ಬ್ಯಾಟರಿಯಿಂದ ಎಂಜಿನ್‌ವರೆಗಿನ ಅರ್ತ್ ತಂತಿ ತೆಳುವಾಗಿದ್ದರೂ, ಬಣ್ಣದ ಮೇಲೆ ಬೋಲ್ಟ್ ಮಾಡಿದ್ದರೂ ಹೀಗಾಗುತ್ತದೆ. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಜೋಡಿಸಿ.

ಪ್ಲಗ್ ತೆಗೆದು ನೋಡಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಇಂಧನವೇ ಬರುತ್ತಿಲ್ಲ.

ಸ್ಟಾರ್ಟರ್ ಕೈಕೊಟ್ಟಿತೆಂದು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡಲು ಹೊರಡಬೇಡಿ. ಆ ಕೆಲಸವನ್ನು ಅನುಭವಿಯೊಬ್ಬರಿಂದ ಎದುರೆದುರೇ ಕಲಿಯಬೇಕು. ಬಾಲವನ್ನು ನೆಲಕ್ಕೆ ಕಟ್ಟಿ, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ವಿಮಾನ ಓಡಿಸಲು ಬಲ್ಲವರೊಬ್ಬರನ್ನು ಒಳಗೆ ಕೂರಿಸಿಕೊಂಡ ಮೇಲಷ್ಟೇ ಆ ಮಾತು.

ಇಗ್ನಿಷನ್ ಪರೀಕ್ಷೆಯಲ್ಲಿ ಆರ್‌ಪಿಎಂ ತುಂಬ ಇಳಿಯುತ್ತದೆ, ಅಥವಾ ಇಳಿಯುವುದೇ ಇಲ್ಲ

ಎರಡು ಇಗ್ನಿಷನ್‌ಗಳಲ್ಲಿ ಒಂದನ್ನು ಆಫ್ ಮಾಡಿದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಸ್ವಲ್ಪ ಇಳಿಯಬೇಕು. ಎಷ್ಟು ಎಂಬುದನ್ನು ಎಂಜಿನ್ ತಯಾರಕರ ಕೈಪಿಡಿ ಹೇಳುತ್ತದೆ. ಅದಕ್ಕಿಂತ ಹೆಚ್ಚು ಇಳಿದು ಎಂಜಿನ್ ಕುಂಟಿದರೆ ಒಂದು ಪ್ಲಗ್ ಸತ್ತಿದೆ ಎಂದು ಮೊದಲ ಅನುಮಾನ. ಅದನ್ನು ಕಂಡುಹಿಡಿಯಲು ದುಬಾರಿ ಉಪಕರಣ ಬೇಡ. ತಣ್ಣಗಿರುವ ಎಂಜಿನ್ನನ್ನು ದೋಷವಿರುವ ಇಗ್ನಿಷನ್ ಮೇಲೆ ಮಾತ್ರ ಅರ್ಧ ನಿಮಿಷ ಓಡಿಸಿ ನಿಲ್ಲಿಸಿ, ಸ್ವಿಚ್‌ಗಳೆಲ್ಲ ಆಫ್ ಆದ ಮೇಲೆ ಪ್ರೊಪೆಲ್ಲರಿನ ಹಾದಿಯಿಂದ ದೂರವಿದ್ದು ನಾಲ್ಕೂ ಎಕ್ಸಾಸ್ಟ್ ಪೈಪ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ. ತಣ್ಣಗಿರುವ ಪೈಪಿನ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ. ದೋಷ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ ಬದಲಿಸಿ, ಅಲ್ಲೇ ಉಳಿದರೆ ತಂತಿಯನ್ನು ನೋಡಿ.

ಆರ್‌ಪಿಎಂ ಸ್ವಲ್ಪವೂ ಇಳಿಯದಿದ್ದರೆ ಹಿಗ್ಗುವವರಿದ್ದಾರೆ. ನಿಜದಲ್ಲಿ ಅದೇ ಹೆಚ್ಚು ಅಪಾಯದ ಸೂಚನೆ. ಬ್ಯಾಟರಿಯ ಹಂಗಿಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಆಫ್ ಆಗುವುದು ಅದರ ತಂತಿ ಅರ್ತ್‌ಗೆ ತಾಗಿದಾಗ. ಆ ತಂತಿ ತುಂಡಾಗಿದ್ದರೆ ಸ್ವಿಚ್ ಏನೇ ಹೇಳಲಿ, ಮ್ಯಾಗ್ನೆಟೊ ಕಿಡಿ ಕೊಡುತ್ತಲೇ ಇರುತ್ತದೆ. ಹ್ಯಾಂಗರಿನಲ್ಲಿ ಯಾರೋ ಪ್ರೊಪೆಲ್ಲರನ್ನು ಸುಮ್ಮನೆ ಸರಿಸಿದರೆ ಸಾಕು, ಎಂಜಿನ್ ಒಮ್ಮೆ ಒದೆಯಬಹುದು, ಕೈ ಹೋಗಬಹುದು. ಎಂಜಿನ್ ಐಡಲ್‌ನಲ್ಲಿರುವಾಗ ಎಲ್ಲ ಇಗ್ನಿಷನ್‌ಗಳನ್ನು ಒಂದು ಕ್ಷಣ ಆಫ್ ಮಾಡಿ ನೋಡಿ. ಎಂಜಿನ್ ಸಾಯಲು ಹೊರಡದಿದ್ದರೆ ಇಂಧನದ ವಾಲ್ವ್ ಮುಚ್ಚಿ ಅದನ್ನು ನಿಲ್ಲಿಸಿ, ಪ್ರೊಪೆಲ್ಲರಿಗೆ ಎಚ್ಚರಿಕೆಯ ಚೀಟಿ ಕಟ್ಟಿ, ತಂತಿ ಸರಿಯಾಗುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಐಡಲ್‌ನಲ್ಲಿ ಚೆನ್ನಾಗಿದೆ, ಪೂರ್ತಿ ಥ್ರಾಟಲ್ ಕೊಟ್ಟಾಗ ತಡವರಿಸುತ್ತದೆ

ಮೊದಲ ಹಾರಾಟದಲ್ಲಿ ಪ್ರಾಣಕ್ಕೆ ಎರವಾಗುವ ದೋಷಗಳಲ್ಲಿ ಇದು ಮುಂಚೂಣಿಯದು. ಐಡಲ್‌ನಲ್ಲಿ ಎಂಜಿನ್ ಕುಡಿಯುವುದು ಚಮಚದ ಲೆಕ್ಕದಲ್ಲಿ. ಪೈಪ್ ಅರ್ಧ ಕಟ್ಟಿಕೊಂಡಿದ್ದರೂ ಅಷ್ಟಕ್ಕೆ ಸಾಲುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ, ಮೂಗು ಎತ್ತಿಕೊಂಡು ಏರುವಾಗ, ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ನಡುವಿನ ಎತ್ತರದ ವ್ಯತ್ಯಾಸ ಕಡಿಮೆಯಾಗಿರುವಾಗಲೇ ಎಂಜಿನ್ ಅತಿ ಹೆಚ್ಚು ಇಂಧನ ಕೇಳುತ್ತದೆ.

ಮೊದಲು ಬಿಟ್ಟಿ ಪರೀಕ್ಷೆ. ನೆಲದಲ್ಲಿ ಎಂಜಿನ್ ತಡವರಿಸಿದ ಕೂಡಲೇ ಅದನ್ನು ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಬಂದರೆ ಟ್ಯಾಂಕಿಗೆ ಗಾಳಿ ಬರುವ ಕಿಂಡಿ ಮುಚ್ಚಿಹೋಗಿದೆ. ಇಂಧನ ಖಾಲಿಯಾದಂತೆ ಟ್ಯಾಂಕಿನೊಳಗೆ ಒತ್ತಡ ಇಳಿದು ಹರಿವು ನಿಲ್ಲುತ್ತಿದೆ. ಕೆಲವು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗುವುದು ಇದರ ಗುರುತು. ಹ್ಯಾಂಗರಿನಲ್ಲಿ ನಿಂತ ವಿಮಾನಗಳಲ್ಲಿ ಇದಕ್ಕೆ ಹೆಚ್ಚಾಗಿ ಹೊಣೆ ಮಣ್ಣಿನ ಗೂಡು ಕಟ್ಟುವ ಕಣಜ. ಒಂದು ವಾರ ನಿಲ್ಲಿಸುವುದಾದರೂ ಕಿಂಡಿಗೆ ಸಣ್ಣ ಜಾಲರಿ ಹಾಕಿ.

ಮುಂದಿನದು ಹರಿವಿನ ಅಳತೆ. ಈ ಪರೀಕ್ಷೆ ಮಾಡದ ವಿಮಾನವನ್ನು ನೆಲ ಬಿಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 80 ಅಶ್ವಶಕ್ತಿಯ ಎಂಜಿನ್ ಪೂರ್ತಿ ಬಲದಲ್ಲಿ ಗಂಟೆಗೆ ಸುಮಾರು 25 ಲೀಟರ್ ಕುಡಿಯುತ್ತದೆ. ಪಂಪ್ ಇಲ್ಲದೆ ಟ್ಯಾಂಕಿನಿಂದ ತಾನಾಗಿ ಇಳಿಯುವ ವ್ಯವಸ್ಥೆಯಾದರೆ ಹರಿವು ಬೇಡಿಕೆಯ ಒಂದೂವರೆ ಪಟ್ಟು ಇರಬೇಕು, ಪಂಪ್ ಇದ್ದರೆ ಒಂದೂಕಾಲು ಪಟ್ಟು. ಅಂದರೆ ಪಂಪ್ ಇಲ್ಲದ ನಮ್ಮ ಮಾದರಿಗೆ ಗಂಟೆಗೆ 37.5 ಲೀಟರ್, ನಿಮಿಷಕ್ಕೆ 625 ಮಿಲಿಲೀಟರ್.

ಮುಂದಿನ ಚಕ್ರಗಳನ್ನು ಗಟ್ಟಿಯಾದ ಇಳಿಜಾರು ಹಲಗೆಯ ಮೇಲೆ ಹತ್ತಿಸಿ, ಮೂಗು ಏರುವ ಕೋನಕ್ಕಿಂತ ಸ್ವಲ್ಪ ಹೆಚ್ಚೇ ಎತ್ತಿರುವಂತೆ ವಿಮಾನವನ್ನು ನಿಲ್ಲಿಸಿ ಕಟ್ಟಿಹಾಕಿ. ಟ್ಯಾಂಕಿನಲ್ಲಿ ಕಡಿಮೆ ಇಂಧನವಿರಲಿ. ಕಾರ್ಬ್ಯುರೇಟರಿಗೆ ಸೇರುವ ತುದಿಯನ್ನು ಬಿಚ್ಚಿ, ಆ ತುದಿಯನ್ನು ಮೊದಲಿನ ಎತ್ತರದಲ್ಲೇ ಹಿಡಿದು, ಗಡಿಯಾರ ನೋಡುತ್ತಾ ಅಳತೆಯ ಪಾತ್ರೆಗೆ ಬಿಡಿ. ತುದಿಯನ್ನು ಕೆಳಗಿಳಿಸಿದರೆ ಅಳತೆ ಸುಳ್ಳು ಹೇಳುತ್ತದೆ. ಇದನ್ನು ಬಯಲಿನಲ್ಲೇ ಮಾಡಿ. ಬ್ಯಾಟರಿಯ ತಂತಿ ಬಿಚ್ಚಿರಬೇಕು, ಲೋಹದ ಪಾತ್ರೆ ಮತ್ತು ವಿಮಾನದ ಲೋಹದ ಭಾಗವನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿರಬೇಕು, ಅಗ್ನಿಶಾಮಕ ಕೈಗೆಟುಕುವಂತಿರಬೇಕು. ಪ್ಲಾಸ್ಟಿಕ್ ಬಕೆಟ್ ಬೇಡ. ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು.

ಹರಿವು ಕಡಿಮೆ ಬಂದರೆ ಟ್ಯಾಂಕಿನ ಕಡೆಯಿಂದ ಒಂದೊಂದೇ ಜೋಡಣೆ ಬಿಚ್ಚುತ್ತಾ ಅಳೆಯಿರಿ. ಎಲ್ಲಿ ಹರಿವು ಕುಸಿಯುತ್ತದೋ ಅಲ್ಲೇ ಕಳ್ಳ. ಮೊದಲು ಸಿಗುವುದು ಸಾಮಾನ್ಯವಾಗಿ ಫಿಲ್ಟರಿನಲ್ಲಿ ಕಸ. ಟ್ಯಾಂಕ್ ಕಟ್ಟುವಾಗ ಬಿದ್ದ ಫೈಬರ್‌ಗ್ಲಾಸ್ ಪುಡಿ, ಅಲ್ಯೂಮಿನಿಯಂ ಚೂರು, ಟೆಫ್ಲಾನ್ ಟೇಪಿನ ಎಳೆ ಅಲ್ಲಿರುತ್ತವೆ. ಕೊಳಾಯಿಗೆ ಸುತ್ತುವ ಟೇಪನ್ನು ಇಂಧನದ ಜೋಡಣೆಗೆ ಸುತ್ತಿದ್ದರೆ ಅದನ್ನೆಲ್ಲ ಬಿಚ್ಚಿ ತೆಗೆದು, ಪೆಟ್ರೋಲಿಗೆ ಕರಗದ ಅಂಟನ್ನು ಹಚ್ಚಿ.

ಫಿಲ್ಟರಿನಲ್ಲಿ ಕಸವಿಲ್ಲದೆ ಅಂಟಂಟಾದ ಲೋಳೆ ಇದ್ದರೆ ಅದು ಬೇರೆ ಕಥೆ. ಟ್ಯಾಂಕಿನ ಒಳಪದರ ಕರಗುತ್ತಿದೆ. ಅಮೆರಿಕದ ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಎಥೆನಾಲ್ ಬೆರೆತಿರುತ್ತದೆ. ಕೆಲವು ಬಗೆಯ ರೆಸಿನ್ ಮತ್ತು ಹಳೆಯ ಟ್ಯಾಂಕ್ ಸೀಲರ್‌ಗಳನ್ನು ಅದು ತಿನ್ನುತ್ತದೆ. ಎಥೆನಾಲ್ ಇದೆಯೇ ಎಂದು ತಿಳಿಯಲು ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ನೀರು, ಅದರ ಮೇಲೆ 90 ಮಿಲಿಲೀಟರ್ ಪೆಟ್ರೋಲ್ ಹಾಕಿ ಕುಲುಕಿ ಬಿಡಿ. ತಳದ ನೀರಿನ ಮಟ್ಟ 10ರ ಗೆರೆಗಿಂತ ಮೇಲೆ ನಿಂತರೆ ಎಥೆನಾಲ್ ಇದೆ. ಒಳಪದರ ಕರಗಲು ಶುರುವಾದ ಟ್ಯಾಂಕನ್ನು ಫಿಲ್ಟರ್ ಬದಲಿಸಿಕೊಂಡು ನಿಭಾಯಿಸಲಾಗದು, ಅದನ್ನು ಹೊರಗೆ ತೆಗೆಯಲೇಬೇಕು.

ಹರಿವು ಸರಿಯಿದೆ, ಆದರೂ ಬಿಸಿಲಿನ ದಿನ, ಒಮ್ಮೆ ಓಡಿಸಿ ನಿಲ್ಲಿಸಿ ಹತ್ತು ಹದಿನೈದು ನಿಮಿಷದ ಮೇಲೆ ಮತ್ತೆ ಸ್ಟಾರ್ಟ್ ಮಾಡಿದಾಗ ತಡವರಿಸುತ್ತದೆ ಎಂದಾದರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿದೆ. ಎಕ್ಸಾಸ್ಟಿನ ಹತ್ತಿರ ಹಾದುಹೋಗುವ ಕೊಳವೆಯನ್ನು ದೂರ ಸರಿಸಿ, ಬೆಂಕಿ ತಡೆಯುವ ಕವಚ ತೊಡಿಸಿ. ಚಳಿಗಾಲಕ್ಕೆಂದು ಮಾರುವ ಪೆಟ್ರೋಲ್ ಬೇಗ ಆವಿಯಾಗುವಂಥದ್ದು. ಅದನ್ನು ಕ್ಯಾನಿನಲ್ಲಿಟ್ಟು ವಸಂತದ ಮೊದಲ ಸೆಕೆಗೆ ಬಳಸಿದರೆ ಈ ಕಾಟ ಗ್ಯಾರಂಟಿ.

ತಂಪಾದ, ತೇವದ ಬೆಳಿಗ್ಗೆ ಆರ್‌ಪಿಎಂ ನಿಧಾನವಾಗಿ, ಯಾರೋ ಥ್ರಾಟಲ್ ಎಳೆಯುತ್ತಿದ್ದಾರೇನೋ ಎಂಬಂತೆ ಇಳಿಯುತ್ತಾ ಬಂದರೆ ಕಾರ್ಬ್ಯುರೇಟರಿನಲ್ಲಿ ಮಂಜುಗಟ್ಟುತ್ತಿದೆ. ಹೊರಗೆ 15 ಡಿಗ್ರಿ ಇದ್ದರೂ ಇದು ಸಾಧ್ಯ, ಏಕೆಂದರೆ ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಗುಂಡಿಯನ್ನು ಪೂರ್ತಿ ಎಳೆಯಿರಿ. ಆರ್‌ಪಿಎಂ ಮೊದಲು ಇನ್ನೂ ಇಳಿದು, ಎಂಜಿನ್ ಕೆಮ್ಮಿ, ಆಮೇಲೆ ಮೊದಲಿಗಿಂತ ಮೇಲೇರಿದರೆ ಮಂಜು ಕರಗಿತೆಂದು ಅರ್ಥ. ಕೆಮ್ಮಿದ ಗಳಿಗೆಯಲ್ಲಿ ಹೆದರಿ ಗುಂಡಿಯನ್ನು ಒಳತಳ್ಳಬೇಡಿ. ಭಾರ ಉಳಿಸಲೆಂದು ಬಿಸಿ ಗಾಳಿಯ ವ್ಯವಸ್ಥೆಯನ್ನೇ ಕೈಬಿಟ್ಟ ವಿಮಾನಗಳಿವೆ. ಅಂಥ ಉಳಿತಾಯ ಬೇಡ.

ಇಂಧನದ ವಾಲ್ವ್ ಎಲ್ಲಿದೆ ಎಂಬುದೂ ಇಲ್ಲಿಯೇ ಹೇಳಬೇಕಾದ ಮಾತು. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ತೀರಿಕೊಂಡದ್ದು ಒಬ್ಬ ಹವ್ಯಾಸಿ ಕಟ್ಟಿದ ಲಾಂಗ್-ಈಝೀ ವಿಮಾನದಲ್ಲಿ. ಕಟ್ಟಿದವರು ವಾಲ್ವನ್ನು ನಕ್ಷೆಯಲ್ಲಿದ್ದ ಜಾಗದಿಂದ ಸರಿಸಿ ಪೈಲಟ್‌ನ ಎಡಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಲು ಹೊರಳಿದಾಗ ಗಮನ ಹೋಗಿ, ಅರಿವಿಲ್ಲದೆ ಬಲಗಾಲಿನಿಂದ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಹಲಗೆ) ಪೆಡಲ್ ಒತ್ತಿ ಹತೋಟಿ ತಪ್ಪಿತು ಎಂದು ತನಿಖೆ ತೀರ್ಮಾನಿಸಿತು. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ತನ್ನ ಹಗುರ ಸಂಶೋಧನಾ ವಿಮಾನಕ್ಕೆ ಆಯ್ದುಕೊಂಡದ್ದೂ ಇದೇ ಲಾಂಗ್-ಈಝೀ ವಿನ್ಯಾಸವನ್ನೇ. ವಿನ್ಯಾಸದಲ್ಲಿ ದೋಷವಿರಲಿಲ್ಲ, ವಾಲ್ವ್ ಇದ್ದ ಜಾಗದಲ್ಲಿತ್ತು. ಸೀಟ್ ಬೆಲ್ಟ್ ಬಿಗಿದುಕೊಂಡು, ಕಣ್ಣು ಮುಚ್ಚಿಕೊಂಡು, ಒಂದು ಕೈಯಲ್ಲಿ ಸ್ಟಿಕ್ ಹಿಡಿದು ನಿಮ್ಮ ವಾಲ್ವನ್ನು ತಿರುಗಿಸಿ ನೋಡಿ. ಆಗದಿದ್ದರೆ ಅದರ ಜಾಗ ಬದಲಾಗಬೇಕು.

ಸಿಲಿಂಡರ್ ಅಥವಾ ಆಯಿಲ್ ಬಿಸಿಯಾಗುತ್ತಿದೆ

ಮಾಪಕ ನಿಜ ಹೇಳುತ್ತಿದೆಯೇ ಎಂದು ಮೊದಲು ನೋಡಿ, ಆದರೆ ಮಾಪಕವೇ ಸುಳ್ಳೆಂದು ಊಹಿಸಿಕೊಂಡು ಹಾರಬೇಡಿ. ಪ್ಲಗ್ಗಿನ ಬುಡದಲ್ಲಿ ಕೂತು ಬಿಸಿ ಅಳೆಯುವ ಥರ್ಮೋಕಪಲನ್ನು ತೆಗೆದು ಕುದಿಯುವ ನೀರಿನಲ್ಲಿ ಅದ್ದಿ. ಸಮುದ್ರಮಟ್ಟದಲ್ಲಿ 100 ಡಿಗ್ರಿ ತೋರಿಸಬೇಕು. ಎತ್ತರದ ಊರಾದರೆ ಲೆಕ್ಕ ಬದಲಾಗುತ್ತದೆ: ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಅಮೆರಿಕದ ಡೆನ್ವರ್ ನಗರದಲ್ಲಿ ಸುಮಾರು 95ಕ್ಕೆ. ಥರ್ಮೋಕಪಲ್ ತಂತಿ ಸಾಲದೆಂದು ಮಾಮೂಲಿ ತಾಮ್ರದ ತಂತಿ ಜೋಡಿಸಿದ್ದರೆ ಓದು ತಪ್ಪುತ್ತದೆ. ಆಲ್ಟರ್ನೇಟರ್ ಆನ್ ಮಾಡಿದ ಕೂಡಲೇ ಎಲ್ಲ ಮಾಪಕಗಳ ಮುಳ್ಳೂ ಒಟ್ಟಿಗೆ ಜಿಗಿದರೆ ಎಂಜಿನ್ ನಿರಪರಾಧಿ, ಅರ್ತ್ ತಂತಿಯೇ ಅಪರಾಧಿ.

ನಾಲ್ಕರಲ್ಲಿ ಒಂದೇ ಸಿಲಿಂಡರ್ ಬಿಸಿಯಾದರೆ ಎರಡು ಥರ್ಮೋಕಪಲ್‌ಗಳನ್ನು ಅದಲುಬದಲು ಮಾಡಿ. ಬಿಸಿ ಜಾಗ ಬದಲಿಸಿದರೆ ಥರ್ಮೋಕಪಲ್ ಕೆಟ್ಟಿದೆ. ಅದೇ ಸಿಲಿಂಡರಿನಲ್ಲಿ ಉಳಿದರೆ ಅಲ್ಲಿಗೆ ಗಾಳಿ ಸಾಲುತ್ತಿಲ್ಲ, ಅಥವಾ ಅದರ ಇನ್‌ಟೇಕ್ ಪೈಪಿನ ಜೋಡಣೆಯಲ್ಲಿ ಗಾಳಿ ಸೋರಿ ಮಿಶ್ರಣ ತೆಳುವಾಗುತ್ತಿದೆ. ಐಡಲ್ ಒರಟಾಗಿದ್ದು ವೇಗದಲ್ಲಿ ಸರಿಹೋದರೆ ಎರಡನೆಯದರ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಎಂಜಿನ್ ನಿಂತಿರುವಾಗ ವ್ಯಾಕ್ಯೂಮ್ ಕ್ಲೀನರಿನ ಊದುವ ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ. ಓಡುತ್ತಿರುವ ಎಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆದು ನೋಡುವ ಕಾರ್ ಮೆಕ್ಯಾನಿಕ್‌ಗಳ ಚಾಳಿ ಇಲ್ಲಿ ಬೇಡ. ಮುಂದೆ ತಿರುಗುತ್ತಿರುವುದು ಪ್ರೊಪೆಲ್ಲರ್.

ಎಲ್ಲವೂ ಬಿಸಿಯಾದರೆ ಗಾಳಿಯ ದಾರಿ ನೋಡಿ. ಸಿಲಿಂಡರಿನ ಸುತ್ತಲಿನ ತಗಡಿನ ಅಡ್ಡತಡೆಗಳಿಗೂ ಎಂಜಿನ್ನಿನ ಹೊರಮುಚ್ಚಳವಾದ ಕೌಲಿಂಗಿಗೂ ನಡುವೆ ಬೆಳಕು ಕಾಣುವಷ್ಟು ಸಂದು ಇದ್ದರೆ ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆ ಹಾಯದೆ ಸಂದಿನಿಂದ ಓಡಿಹೋಗುತ್ತದೆ. ಕತ್ತಲೆಯಲ್ಲಿ ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ, ಕಂಡ ಕಿಂಡಿಗಳನ್ನೆಲ್ಲ ಶಾಖ ತಡೆಯುವ ಸಿಲಿಕೋನ್‌ನಿಂದ ಮುಚ್ಚಿ. ಗಾಳಿ ಹೊರಹೋಗುವ ಬಾಯಿ ಒಳಬರುವ ಬಾಯಿಗಿಂತ ದೊಡ್ಡದಿರಬೇಕು. ಬಿಸಿಯಾಯಿತೆಂದು ಮುಂದಿನ ಬಾಯಿಯನ್ನು ದೊಡ್ಡದು ಮಾಡುವವರೇ ಹೆಚ್ಚು, ಇಕ್ಕಟ್ಟು ಇರುವುದು ಹಿಂದೆ. ಗಾಳಿಯೂ ಸರಿಯಿದ್ದರೆ ಉಳಿದದ್ದು ತೆಳು ಮಿಶ್ರಣ ಅಥವಾ ಮುಂಚಿತವಾದ ಟೈಮಿಂಗ್. ಪ್ಲಗ್ ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಮಿಶ್ರಣ ತೆಳು, ಕಾಫಿಪುಡಿಯ ಬಣ್ಣವಿದ್ದರೆ ಸರಿ, ಮಸಿ ಹಿಡಿದಿದ್ದರೆ ಇಂಧನ ಹೆಚ್ಚು.

ಹೊಸ ಎಂಜಿನ್ ಮೊದಲ ಕೆಲವು ಗಂಟೆ ಸ್ವಲ್ಪ ಹೆಚ್ಚೇ ಬಿಸಿಯಾಗುತ್ತದೆ. ಆದರೆ ಆ ಮಾತಿಗೂ ಮಿತಿಯಿದೆ. ಈ ಜಾತಿಯ ಎಂಜಿನ್‌ಗಳಲ್ಲಿ ಸಿಲಿಂಡರ್ ಹೆಡ್ 200 ಡಿಗ್ರಿ ದಾಟಿದರೆ ಬಲ ಇಳಿಸಿ, 230ರ ಹತ್ತಿರ ಹೋದರೆ ಆ ದಿನದ ಕೆಲಸ ನಿಲ್ಲಿಸಿ. ಆಯಿಲ್ 80ರಿಂದ 105 ಡಿಗ್ರಿಯೊಳಗೆ ಇರಲಿ. ನಿಮ್ಮ ಎಂಜಿನ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ನೆಲದ ಮೇಲೆ ಪದೇ ಪದೇ ಟ್ಯಾಕ್ಸಿ ಮಾಡಿ (ವಿಮಾನವನ್ನು ಚಕ್ರಗಳ ಮೇಲೆ ಓಡಿಸಿ) ಎಂಜಿನ್ ಬೇಯಿಸುವುದು ಬೇಡ, ನಿಂತಲ್ಲಿ ಅದಕ್ಕೆ ಗಾಳಿ ಸಾಲುವುದಿಲ್ಲ.

ಆಯಿಲ್ ಒತ್ತಡ ಇಳಿದರೆ ಮಾತ್ರ ಈ ಕ್ರಮ ಯಾವುದೂ ಬೇಡ. ಮೊದಲು ಎಂಜಿನ್ ನಿಲ್ಲಿಸಿ. ಆಮೇಲೆ ಆಯಿಲ್ ಮಟ್ಟ ನೋಡಿ, ಸಾದಾ ಯಾಂತ್ರಿಕ ಮಾಪಕವೊಂದನ್ನು ನೇರವಾಗಿ ಜೋಡಿಸಿ ಒತ್ತಡ ಹೋಲಿಸಿ. ಅದೂ ಕಡಿಮೆ ತೋರಿಸಿದರೆ, ಅಥವಾ ಬಸಿದ ಆಯಿಲಿನಲ್ಲಿ ಲೋಹದ ಹೊಳಪು ಕಂಡರೆ, ಎಂಜಿನ್ ಬಿಚ್ಚಬಲ್ಲವರ ಬಳಿ ಹೋಗಿ.

ಮೈಯೆಲ್ಲ ನಡುಗುತ್ತದೆ

ಯಾವ ಆರ್‌ಪಿಎಂನಲ್ಲಿ ನಡುಕ ಬರುತ್ತದೆಂದು ಬರೆದುಕೊಳ್ಳಿ. ಎಲ್ಲ ವೇಗದಲ್ಲೂ ಇದ್ದು, ವೇಗ ಏರಿದಂತೆ ಹೆಚ್ಚುವ ನಡುಕಕ್ಕೆ ಸಾಮಾನ್ಯವಾಗಿ ಪ್ರೊಪೆಲ್ಲರೇ ಕಾರಣ. ಕೆಮ್ಮು, ಕುಂಟಿನ ಜೊತೆ ಬರುವ ನಡುಕ ಎಂಜಿನ್ನಿನದು.

ಎಲ್ಲ ಇಗ್ನಿಷನ್ ಆಫ್ ಮಾಡಿ, ಒಂದು ಬದಿಯ ಪ್ಲಗ್‌ಗಳನ್ನಾದರೂ ತೆಗೆದು, ಅಲಗಿನ ತುದಿಗೆ ತಾಗುವಂತೆ ಒಂದು ಕೋಲನ್ನು ನೆಲದಲ್ಲಿ ನಿಲ್ಲಿಸಿ. ಪ್ರೊಪೆಲ್ಲರನ್ನು ಅರ್ಧ ಸುತ್ತು ತಿರುಗಿಸಿದಾಗ ಇನ್ನೊಂದು ಅಲಗಿನ ತುದಿ ಅದೇ ಜಾಗಕ್ಕೆ ಬರಬೇಕು. 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೋಲ್ಟ್‌ಗಳ ಬಿಗಿತ ಏರುಪೇರಾಗಿದೆ ಅಥವಾ ಪ್ರೊಪೆಲ್ಲರಿನ ಹಿಂದೆ ಏನೋ ಸಿಕ್ಕಿಕೊಂಡಿದೆ.

ಮರದ ಪ್ರೊಪೆಲ್ಲರ್ ಹವೆಯ ತೇವ ಕುಡಿದು ಉಬ್ಬುತ್ತದೆ, ಒಣ ಚಳಿಯಲ್ಲಿ ಕುಗ್ಗುತ್ತದೆ. ಕುಗ್ಗಿದಾಗ ಬೋಲ್ಟ್ ಸಡಿಲಾಗಿ, ಪ್ರೊಪೆಲ್ಲರ್ ಕೂರುವ ಲೋಹದ ಫ್ಲಾಂಜಿನ ಮೇಲೆ ಮರ ಉಜ್ಜಿ ಕಪ್ಪಾಗುತ್ತದೆ. ಮೊದಲ ಗಂಟೆಯ ಓಟದ ನಂತರ, ಮತ್ತೆ ಹವೆ ಬದಲಾದಾಗಲೆಲ್ಲ ಟಾರ್ಕ್ ರೆಂಚಿನಿಂದ ಬಿಗಿತ ನೋಡಿ. ಮರ ಸುಟ್ಟ ಗುರುತು, ಬೋಲ್ಟಿನ ತೂತು ಮೊಟ್ಟೆಯಾಕಾರವಾಗಿರುವುದು, ಕೂದಲೆಳೆಯ ಬಿರುಕು, ಇವುಗಳಲ್ಲಿ ಒಂದು ಕಂಡರೂ ಆ ಪ್ರೊಪೆಲ್ಲರ್ ಗೋಡೆಯ ಅಲಂಕಾರಕ್ಕೆ ಸೈ.

ಟ್ಯಾಕ್ಸಿ ಮಾಡುವಾಗ ಒಂದು ಕಡೆಗೆ ಎಳೆಯುತ್ತದೆ

ಟೈರಿನ ಗಾಳಿ, ಅಂಟಿಕೊಂಡ ಬ್ರೇಕ್, ಆಮೇಲೆ ಚಕ್ರಗಳ ನೇರ: ಈ ಕ್ರಮದಲ್ಲಿ ನೋಡಿ. ಬಾಲದ ಚಕ್ರ ಗಡಗಡನೆ ಅಲುಗಿದರೆ ಅದರ ತಿರುಗುಕೀಲಿನ ಕೋನ ತಪ್ಪಿದೆಯೇ, ಸ್ಪ್ರಿಂಗುಗಳು ಸಡಿಲವೇ ಎಂದು ನೋಡಿ.

ವೇಗದ ಟ್ಯಾಕ್ಸಿ ಪರೀಕ್ಷೆಯ ಬಗ್ಗೆ ಭಿನ್ನಾಭಿಪ್ರಾಯವಿದೆ. ಬಾಲ ಎತ್ತುವ ವೇಗದವರೆಗೆ ಓಡಿಸಿದರೆ ಹಗುರ ವಿಮಾನ ತಾನಾಗಿಯೇ ನೆಲ ಬಿಡಬಹುದು, ಹಾರಲು ಮನಸ್ಸು ಮಾಡಿರದ ಪೈಲಟ್ ಒಳಗಿರುತ್ತಾನೆ. ಹಾರಲು ಪೂರ್ತಿ ಸಿದ್ಧರಾಗದೆ ಆ ವೇಗಕ್ಕೆ ಹೋಗಬಾರದು ಎಂಬ ಕಡೆಗೇ ನನ್ನ ಒಲವು.

ವೇಗಮಾಪಕದ ಮೇಲೆ ನಂಬಿಕೆ ಬರುತ್ತಿಲ್ಲ

ಇದನ್ನು ಪರೀಕ್ಷಿಸಲು ಎರಡು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಒಂದು ಸ್ಕೇಲು, ಬಣ್ಣ ಹಾಕಿದ ನೀರು ಸಾಕು. ಕೊಳವೆಯನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಅಂಟಿಸಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಎದುರುಗಾಳಿಯ ಒತ್ತಡವನ್ನು ಮಾಪಕಕ್ಕೆ ಒಯ್ಯುವ ಪಿಟಾಟ್ ಕೊಳವೆಗೆ ಒಂದು ಟಿ ಜೋಡಣೆಯ ಮೂಲಕ ಸೇರಿಸಿ. ಟಿಯ ಮೂರನೇ ಬಾಯಿಗೆ ಸುರುಳಿ ಸುತ್ತಿದ ಮೆದು ರಬ್ಬರ್ ಕೊಳವೆ ಹಾಕಿ, ಅದನ್ನು ನಿಧಾನವಾಗಿ ಹಿಂಡುತ್ತಾ ಒತ್ತಡ ಕೊಡಿ. ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ 26 ಮಿಲಿಮೀಟರ್ ಆದಾಗ ಮಾಪಕ 40 ನಾಟ್ ತೋರಿಸಬೇಕು, ಸುಮಾರು 60 ಮಿಲಿಮೀಟರ್ ಆದಾಗ 60 ನಾಟ್, 165 ಆದಾಗ 100 ನಾಟ್. ಜೋರಾಗಿ ಬಾಯಿಂದ ಊದಬೇಡಿ, ಮಾಪಕದ ಒಳಗಿನ ತೆಳು ಪೊರೆ ಹರಿಯುತ್ತದೆ.

ಒತ್ತಡ ಹಿಡಿದಿಟ್ಟಾಗ ಮುಳ್ಳು ನಿಧಾನವಾಗಿ ಇಳಿದರೆ ಸೋರಿಕೆ ಇದೆ. ಪಿಟಾಟ್ ಸೋರಿದರೆ ಮಾಪಕ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಸುತ್ತಲಿನ ಗಾಳಿಯ ಒತ್ತಡವನ್ನು ಮಾಪಕಕ್ಕೆ ತಿಳಿಸುವ ಸ್ಟಾಟಿಕ್ ಕಿಂಡಿ ತಪ್ಪು ಜಾಗದಲ್ಲಿದ್ದರೆ ಹೆಚ್ಚು ತೋರಿಸಲೂಬಹುದು. ಅದು ನೆಲದಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲ ಹಾರಾಟದಲ್ಲಿ ಎತ್ತರಕ್ಕೆ ಹೋದ ಮೇಲೆ, ಇಳಿಯುವ ಮುನ್ನ, ಸ್ಟಾಲ್‌ನ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯ) ಅಂಚಿಗೆ ಮೆಲ್ಲಗೆ ಹೋಗಿ ಆಗ ಮಾಪಕ ಎಷ್ಟು ತೋರಿಸಿತೋ ನೆನಪಿಡಿ. ಅಂಕಿ ತಪ್ಪಿದ್ದರೂ ಪರವಾಗಿಲ್ಲ, ಅದರ 1.3 ಪಟ್ಟು ವೇಗದಲ್ಲಿ ಇಳಿಯಲು ಬನ್ನಿ.

ತಕ್ಕಡಿ ನಕ್ಷೆಯ ಮಾತು ಕೇಳುತ್ತಿಲ್ಲ

ನಕ್ಷೆಯಲ್ಲಿ ಹೇಳಿದ್ದಕ್ಕಿಂತ ವಿಮಾನ ಭಾರವಾಗುವುದು ಸಾಮಾನ್ಯ. ಭಾರಕ್ಕಿಂತ ಅದು ಎಲ್ಲಿ ಸೇರಿತೆಂಬುದು ಮುಖ್ಯ. ಮೂರು ಚಕ್ರಗಳಡಿಯೂ ತಕ್ಕಡಿ ಇಟ್ಟು, ಬಾಲವನ್ನು ಎತ್ತಿ ವಿಮಾನವನ್ನು ಹಾರುವ ಭಂಗಿಗೆ ತಂದು ತೂಗಿ. ಉದಾಹರಣೆಗೆ, ರೆಕ್ಕೆಯ ಮುಂಚೂಣಿಯಿಂದ 5 ಸೆಂ.ಮೀ. ಹಿಂದಿರುವ ಮುಂದಿನ ಚಕ್ರಗಳಲ್ಲಿ ತಲಾ 115 ಕಿಲೋ, 400 ಸೆಂ.ಮೀ. ಹಿಂದಿರುವ ಬಾಲದ ಚಕ್ರದಲ್ಲಿ 17 ಕಿಲೋ ಬಂದರೆ, 230×5 ಮತ್ತು 17×400 ಕೂಡಿಸಿ 7,950. ಅದನ್ನು ಒಟ್ಟು 247 ಕಿಲೋದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಮುಂಚೂಣಿಯಿಂದ 32.2 ಸೆಂ.ಮೀ. ಹಿಂದೆ. ಈಗ 380 ಸೆಂ.ಮೀ. ದೂರದ ಬಾಲಕ್ಕೆ ಚಂದಕ್ಕೆಂದು 1 ಕಿಲೋ ಬಣ್ಣ ಬಳಿಯಿರಿ. ಕೇಂದ್ರ 33.6ಕ್ಕೆ ಸರಿಯುತ್ತದೆ. ಒಂದೇ ಕಿಲೋ, 1.4 ಸೆಂ.ಮೀ.!

ಇದು ಖಾಲಿ ವಿಮಾನದ ಲೆಕ್ಕ. ಪೈಲಟ್ ಮತ್ತು ಇಂಧನ ಸೇರಿಸಿ, ಟ್ಯಾಂಕ್ ತುಂಬಿದಾಗ ಒಂದು ಸಲ, ಖಾಲಿಯಾದಾಗ ಒಂದು ಸಲ ಲೆಕ್ಕ ಹಾಕಿ. ಕೇಂದ್ರ ನಕ್ಷೆಯ ಹಿಂದಿನ ಮಿತಿಯನ್ನು ದಾಟಿದರೆ ಹಾರಬೇಡಿ. ಮೂಗು ಭಾರವಾದ ವಿಮಾನ ಇಳಿಯುವಾಗ ತೊಂದರೆ ಕೊಡುತ್ತದೆ. ಬಾಲ ಭಾರವಾದದ್ದು ಸ್ಟಾಲ್ ಆದರೆ ಮತ್ತೆ ಹತೋಟಿಗೆ ಬರದೇ ಹೋಗಬಹುದು. ಬ್ಯಾಟರಿಯನ್ನು ಮುಂದಕ್ಕೆ ಸರಿಸುವುದು ಅತಿ ಅಗ್ಗದ ಪರಿಹಾರ.

ಗಾಳಿಯಲ್ಲಿ ಒಂದು ರೆಕ್ಕೆ ತಗ್ಗುತ್ತದೆ

ಅದಕ್ಕೂ ಮೊದಲು, ನೆಲದಲ್ಲೇ ಮುಗಿಸಬೇಕಾದ ಒಂದು ಪರೀಕ್ಷೆ. ಸ್ಟಿಕ್ ಹಿಡಿದು ಹೆಬ್ಬೆರಳನ್ನು ಮೇಲಕ್ಕೆ ಎತ್ತಿ, ಸ್ಟಿಕ್ಕನ್ನು ಒಂದು ಕಡೆಗೆ ವಾಲಿಸಿ. ಹೆಬ್ಬೆರಳು ಯಾವ ಕಡೆಗೆ ತೋರಿಸುತ್ತದೋ ಆ ಕಡೆಯ ಏಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆ) ಮೇಲೆ ಎದ್ದಿರಬೇಕು. ಕೇಬಲ್ ಅದಲುಬದಲಾಗಿ ಏಲರಾನ್ ತಿರುಗುಮುರುಗಾದ ವಿಮಾನಗಳು ನೆಲ ಬಿಟ್ಟದ್ದುಂಟು. ಕೇಬಲ್ ಬಿಚ್ಚಿ ಹಾಕಿದ ಪ್ರತಿ ಸಲವೂ, ಕಟ್ಟುವ ಕೆಲಸದಲ್ಲಿ ಕೈ ಹಾಕದ ಇನ್ನೊಬ್ಬರ ಕಣ್ಣಿನಿಂದಲೂ ನೋಡಿಸಿ.

ಹಾರಾಟದಲ್ಲಿ ಎಡ ರೆಕ್ಕೆ ತಗ್ಗಿದರೆ ಮೊದಲು ರಡರಿನಿಂದ, ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಮಾಪಕದ ಗುಂಡನ್ನು ನಡುವಿಗೆ ತನ್ನಿ. ಅಷ್ಟಕ್ಕೇ ಸರಿಹೋದರೆ ದೋಷ ರೆಕ್ಕೆಯಲ್ಲಿಲ್ಲ, ರಡರಿಗೆ ಸಣ್ಣ ತಗಡಿನ ಪಟ್ಟಿ ಬೇಕು. ಸರಿಹೋಗದಿದ್ದರೆ ಎರಡು ಕಡೆಯ ಇಂಧನ, ಫ್ಲ್ಯಾಪ್‌ಗಳ ಸಮಾನತೆ, ಕೊನೆಯಲ್ಲಿ ರೆಕ್ಕೆಗಳನ್ನು ಕೂರಿಸಿದ ಕೋನ ಅಳೆಯಿರಿ. ಸ್ವಲ್ಪವೇ ತಗ್ಗುವುದಾದರೆ ಎಡ ಏಲರಾನಿನ ಹಿಂದಿನ ಅಂಚಿಗೆ ತಗಡಿನ ಪಟ್ಟಿ ಹಾಕಿ ಮೇಲಕ್ಕೆ ಬಗ್ಗಿಸಿ. ಗಾಳಿ ಏಲರಾನನ್ನು ಕೆಳಕ್ಕೆ ಒತ್ತುತ್ತದೆ, ರೆಕ್ಕೆ ಮೇಲೇಳುತ್ತದೆ. ಸ್ಟಿಕ್ಕನ್ನು ಎರಡು ಕೈಯಲ್ಲಿ ಹಿಡಿದಿಡಬೇಕಾದಷ್ಟು ಎಳೆದರೆ ಪಟ್ಟಿಯಿಂದ ಮುಚ್ಚಿಡಬೇಡಿ, ರೆಕ್ಕೆಯ ಕೋನದಲ್ಲೇ ತಪ್ಪಿದೆ.

ಸ್ಟಿಕ್‌ನಲ್ಲಿ ಝುಂ ಎಂಬ ಕಂಪನ

ವೇಗ ಏರಿದಾಗ ಸ್ಟಿಕ್ ಅಥವಾ ಪೆಡಲಿನಲ್ಲಿ ಝೇಂಕಾರದಂಥ ಕಂಪನ ಬಂದರೆ ಅದು ಫ್ಲಟರ್‌ನ ಶುರುವಾಗಿರಬಹುದು. ಏಲರಾನ್ ಅಥವಾ ಬಾಲದ ಭಾಗ ಗಾಳಿಯ ಜೊತೆ ಸೇರಿ ತಾನೇ ಕುಣಿಯತೊಡಗುತ್ತದೆ, ಕೆಲವೇ ಕ್ಷಣಗಳಲ್ಲಿ ಕಿತ್ತುಹೋಗಬಹುದು. ಥ್ರಾಟಲ್ ಹಿಂದೆ ಎಳೆಯಿರಿ, ಮೂಗನ್ನು ಮೃದುವಾಗಿ ಎತ್ತಿ ವೇಗ ಇಳಿಸಿ, ಹತ್ತಿರದ ರನ್‌ವೇಗೆ ಇಳಿಯಿರಿ. ಎಷ್ಟು ವೇಗಕ್ಕೆ ಬಂತೆಂದು ತಿಳಿಯಲು ಇನ್ನೊಮ್ಮೆ ಪ್ರಯತ್ನಿಸಬೇಡಿ. ಕೀಲುಗಳ ಸಡಿಲ, ಟ್ರಿಮ್ ಟ್ಯಾಬಿನ ಅಲುಗಾಟ, ಬಣ್ಣ ಬಳಿದ ಮೇಲೆ ತಪ್ಪಿದ ಸಮತೋಲ ಇದಕ್ಕೆ ಕಾರಣವಾಗುತ್ತವೆ. ವಿನ್ಯಾಸ ಮಾಡಿದವರನ್ನು ಅಥವಾ ಅದೇ ಮಾದರಿಯನ್ನು ಬಲ್ಲ ತಜ್ಞರನ್ನು ಕೇಳದೆ ಮತ್ತೆ ಹಾರಬಾರದು.

ಏರುವಾಗ ಎಂಜಿನ್ ನಿಂತರೆ

ಇಲ್ಲಿ ಕಾರಣ ಹುಡುಕಲು ಹೊತ್ತಿಲ್ಲ. ಕೂಡಲೇ ಮೂಗು ಇಳಿಸಿ ವೇಗ ಉಳಿಸಿಕೊಳ್ಳಿ, ಎದುರಿಗಿರುವ ಜಾಗದಲ್ಲೇ ಇಳಿಯಿರಿ. ಕಡಿಮೆ ಎತ್ತರದಲ್ಲಿ ರನ್‌ವೇಗೆ ತಿರುಗಿ ಬರಲು ಹೊರಟಾಗಲೇ ಸ್ಟಾಲ್ ಆಗಿ ಬೀಳುವುದು. ಎಷ್ಟು ಎತ್ತರದ ಕೆಳಗೆ ತಿರುಗುವುದಿಲ್ಲ, ಎದುರಿಗೆ ಯಾವ ಹೊಲ, ಯಾವ ರಸ್ತೆ ಎಂಬುದನ್ನು ಹಿಂದಿನ ದಿನವೇ ನಡೆದು ನೋಡಿ ನಿರ್ಧರಿಸಿರಬೇಕು.

ಯಾರನ್ನು ಕರೆಯುವುದು

1953ರಲ್ಲಿ ಪಾಲ್ ಪೊಬೆರೆಜ್ನಿ ಕಟ್ಟಿದ ಇಎಎ ಎಂಬ ಹವ್ಯಾಸಿಗಳ ಸಂಘಕ್ಕೆ ಅಮೆರಿಕದಾದ್ಯಂತ ಶಾಖೆಗಳಿವೆ. ಅಲ್ಲಿನ ಸ್ವಯಂಸೇವಕ ತಾಂತ್ರಿಕ ಸಲಹೆಗಾರರು ಬಂದು ನಿಮ್ಮ ಕೆಲಸ ನೋಡುತ್ತಾರೆ, ಹಾರಾಟದ ಸಲಹೆಗಾರರು ಈ ವಿಮಾನವನ್ನು ಮೊದಲು ಹಾರಿಸಲು ನೀವು ತಕ್ಕವರೇ ಎಂದು ಅಳೆದು ನೋಡಿಕೊಳ್ಳಲು ನೆರವಾಗುತ್ತಾರೆ. ಇದಕ್ಕೆ ಹಣ ಕೇಳುವುದಿಲ್ಲ. ಬಾಲದ ಚಕ್ರದ ವಿಮಾನದಲ್ಲಿ ಇತ್ತೀಚೆಗೆ ಹಾರಿರದಿದ್ದರೆ, ಮೊದಲ ಹಾರಾಟಕ್ಕೆ ಮುನ್ನ ಅಂಥ ತರಬೇತಿ ವಿಮಾನದಲ್ಲಿ ಶಿಕ್ಷಕರ ಜೊತೆ ಕೆಲವು ಗಂಟೆ ಕಳೆಯಿರಿ. ಇಡೀ ಯೋಜನೆಯಲ್ಲಿ ಇದಕ್ಕಿಂತ ಉಪಯುಕ್ತವಾಗಿ ಖರ್ಚಾಗುವ ಹಣ ಇನ್ನೊಂದಿಲ್ಲ.

ಕಾರಿನ ಎಂಜಿನ್ ಇರುವ ಇಂಥ ವಿಮಾನಕ್ಕೆ ಅಲ್ಲಿನ ವಿಮಾನಯಾನ ಇಲಾಖೆ ಸಾಮಾನ್ಯವಾಗಿ 40 ಗಂಟೆಗಳ ಪರೀಕ್ಷಾ ಹಾರಾಟ ವಿಧಿಸುತ್ತದೆ. ಆ ಅವಧಿಯಲ್ಲಿ ಮೋಜಿಗೆಂದು ಯಾರನ್ನೂ ಕರೆದೊಯ್ಯುವಂತಿಲ್ಲ. ಮೊದಲ ಹಾರಾಟ ಮುಗಿಸಿ ಇಳಿದ ಮೇಲೆ, ಫೋಟೊ ತೆಗೆಸಿಕೊಳ್ಳುವ ಮೊದಲೇ ಕೌಲಿಂಗ್ ಬಿಚ್ಚಿ ನೋಡಿ: ಆಯಿಲ್ ಜಿನುಗು, ಇಂಧನದ ಕಲೆ, ಎಕ್ಸಾಸ್ಟ್ ಜೋಡಣೆಯ ಸುತ್ತ ಬೂದು ಗೆರೆ, ಸಡಿಲಾದ ನಟ್ಟು, ಉಜ್ಜಿದ ತಂತಿ. ಎರಡನೇ ಹಾರಾಟ ಯಾವಾಗ ಎಂಬುದನ್ನು ಕಂಡದ್ದನ್ನೆಲ್ಲ ಪುಸ್ತಕಕ್ಕೆ ಇಳಿಸಿದ ಮೇಲೆ ನಿರ್ಧರಿಸಿ.